ಕರೆಯದೆ ಆಟಕ್ಕೆ ಹೋಗಬಹುದಾ?

ಓದುಗರ ಪ್ರಶ್ನೆ:

"ನಾವು ದಾವಣಗೆರೆ ಕಡೆಯವರು. ಮದುವೆಯಾದ ಮೇಲೆ ಬೆಂಗಳೂರಿನಲ್ಲಿದ್ದೆವು. ಗಂಡನಿಗೆ ಬ್ಯಾಂಕ್ ಕೆಲಸ, ಕಳೆದ ಜೂನ್‌ನಲ್ಲಿ ಶಿರಸಿಗೆ ವರ್ಗವಾಯಿತು. ನಾನು ಮನೆಯಿಂದಲೇ ಕೆಲಸ ಮಾಡುತ್ತೇನೆ. ಮಗನಿಗೆ ಎಂಟು ವರ್ಷ. ಊರು ಚೆಂದ ಇದೆ, ಅದರ ಬಗ್ಗೆ ದೂರಿಲ್ಲ. ಆದರೆ ಸಂಜೆ ಆಯಿತೆಂದರೆ ಎಲ್ಲಿಗೆ ಹೋಗೋದು ಅಂತ ತಿಳಿಯುವುದಿಲ್ಲ. ಬಂದ ಹೊಸದರಲ್ಲಿ ಮಳೆ ಬಿಟ್ಟರೆ ಬೇರೇನೂ ಕಾಣಲಿಲ್ಲ. ಆಮೇಲೆ ಒಂದು ಸಲ ಯಕ್ಷಗಾನಕ್ಕೆ ಹೋದೆವು. ಕನ್ನಡವೇ, ಆದರೂ ಅರ್ಧಕ್ಕರ್ಧ ತಲೆಗೆ ಹೋಗಲಿಲ್ಲ. ಮಗ ನಿದ್ದೆಗೆ ಬಿದ್ದ, ಎದ್ದು ಬಂದೆವು. ಎಲ್ಲರೂ ನಮ್ಮನ್ನೇ ನೋಡಿದ ಹಾಗಾಯಿತು. ಅಂಗಡಿಗೆ ಹೋದರೆ 'ಯಾವ ಊರಾಯ್ತು?' ಅಂತ ಮೊದಲು ಕೇಳುತ್ತಾರೆ, ಸಾಮಾನು ತೋರಿಸುವ ಉತ್ಸಾಹ ಇರುವುದಿಲ್ಲ. ನಮ್ಮ ಓಣಿಯಲ್ಲೇ ಕಾರ್ಯಕ್ರಮ ನಡೆದರೂ ಯಾರೂ ಕರೆಯುವುದಿಲ್ಲ. ಕರೆಯದೆ ಹೋಗೋದು ಹೇಗೆ? ಜಾತ್ರೆಯಲ್ಲಿ ಕೋಣ ಬಲಿ ಕೊಡುತ್ತಾರಂತೆ, ಮಗುವನ್ನು ಕರೆದೊಯ್ಯಬೇಡ ಅಂತ ಅತ್ತೆ ಹೇಳಿದ್ದಾರೆ. ಹದಿನೈದು ದಿನಕ್ಕೊಮ್ಮೆ ಹುಬ್ಬಳ್ಳಿಗೆ ಹೋಗಿ ಮಾಲ್ ಸುತ್ತಿ ಬರುತ್ತೇವೆ. 'ಮೂರು ವರ್ಷ ತಾನೇ, ಹೇಗೋ ಕಳೆಯೋಣ' ಅನ್ನುತ್ತಾರೆ ಇವರು. ಮಗನನ್ನು ಯಕ್ಷಗಾನ ತರಗತಿಗೆ ಸೇರಿಸಿದರೆ ಏನಾದರೂ ಉಪಯೋಗ ಇದೆಯಾ? ತೊಂದರೆ ಊರಿನದೋ ನನ್ನದೋ, ನೇರವಾಗಿ ಹೇಳಿ."

ಉತ್ತರ:

ನೇರವಾಗಿಯೇ ಹೇಳುತ್ತೇನೆ. ತೊಂದರೆ ಊರಿನದೂ ಅಲ್ಲ, ನಿಮ್ಮದೂ ಅಲ್ಲ, ನೀವು ಬಂದ ತಿಂಗಳಿನದು. ಜೂನ್‌ನಲ್ಲಿ ಶಿರಸಿಗೆ ಬಂದವರಿಗೆ ಯಾರಿಗಾದರೂ ಹೀಗೇ ಅನಿಸುತ್ತದೆ. ನಿಮ್ಮ ಪತ್ರದಲ್ಲಿ ಮೂರು ಚಿಂತೆಗಳು ಒಂದಕ್ಕೊಂದು ಹೆಣೆದುಕೊಂಡಿವೆ: ಇಲ್ಲಿ ಏನೂ ನಡೆಯುವುದಿಲ್ಲ, ನಡೆದರೂ ನಮ್ಮನ್ನು ಕರೆಯುವುದಿಲ್ಲ, ಹೋದರೂ ಅರ್ಥ ಆಗುವುದಿಲ್ಲ. ಮೊದಲನೆಯದು ಪೂರ್ತಿ ಸುಳ್ಳು. ಎರಡನೆಯದರಲ್ಲಿ ಸ್ವಲ್ಪ ನಿಜ ಇದೆ. ಮೂರನೆಯದು ನಿಜ, ಆದರೆ ಅದಕ್ಕೆ ಮದ್ದು ಸುಲಭ. ಆಟ (ಯಕ್ಷಗಾನ ಪ್ರದರ್ಶನಕ್ಕೆ ಇಲ್ಲಿ ಹಾಗನ್ನುತ್ತಾರೆ), ತಾಳಮದ್ದಳೆ, ಸಂಗೀತದ ಕಾರ್ಯಕ್ರಮ ಇವನ್ನೆಲ್ಲ ಏರ್ಪಡಿಸುವುದೇ ನನ್ನ ಉದ್ಯೋಗ. ವೇದಿಕೆಯ ಪಕ್ಕ ನಿಂತು ಜನ ಬರುವುದನ್ನೂ ಎದ್ದು ಹೋಗುವುದನ್ನೂ ನೋಡುತ್ತಲೇ ಇರುತ್ತೇನೆ. ವರ್ಗವಾಗಿ ಬಂದ ಸಂಸಾರಗಳು ಹೆಚ್ಚುಕಮ್ಮಿ ಎಲ್ಲವೂ ಇದೇ ಮಾತು ಆಡುತ್ತವೆ.

ಈ ಸೀಮೆಯ ಕ್ಯಾಲೆಂಡರ್ ನಡೆಯುವುದು ಮಳೆ ಮತ್ತು ಅಡಿಕೆಯ ಲೆಕ್ಕದಲ್ಲಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಯಲಲ್ಲಿ ಏನೂ ಮಾಡಲಾಗದು. ದೀಪಾವಳಿ ಕಳೆದ ಮೇಲೆ ಕೊನೆಕೊಯ್ಲು, ಅಂದರೆ ಅಡಿಕೆ ಗೊನೆ ಕೊಯ್ಯುವ ಕೆಲಸ ಶುರು. ಕೊಯ್ದದ್ದನ್ನು ಸುಲಿಯಬೇಕು, ಬೇಯಿಸಬೇಕು, ಒಣಗಿಸಬೇಕು. ಆ ಕೆಲಸ ಹಗುರಾಗುತ್ತ ಬಂದ ಹಾಗೆ ಜನರಿಗೆ ಬಿಡುವು ಸಿಗುತ್ತದೆ, ಅಡಿಕೆ ಮಾರಿ ಕೈಗೆ ಕಾಸೂ ಬರುತ್ತದೆ. ಹಾಗಾಗಿ ಜಾತ್ರೆ, ತೇರು, ಆಟ, ಶಾಲೆಯ ವಾರ್ಷಿಕೋತ್ಸವ, ಆಲೆಮನೆ ಎಲ್ಲವೂ ಡಿಸೆಂಬರ್‌ನಿಂದ ಮೇ ತಿಂಗಳೊಳಗೆ ಒತ್ತಿಕೊಂಡು ಬರುತ್ತವೆ. ಯಕ್ಷಗಾನ ಮೇಳಗಳ ತಿರುಗಾಟವೂ ಅಷ್ಟೇ. ದೀಪಾವಳಿಯ ಆಚೆಗೆ ಹೊರಟ ಮೇಳ ಮಳೆ ಬರುವ ಮುಂಚೆ ಗೆಜ್ಜೆ ಬಿಚ್ಚುತ್ತದೆ. ಫೆಬ್ರವರಿಯಲ್ಲಿ ಒಂದೇ ರಾತ್ರಿ ಮೂರು ಕಡೆ ಆಟ ಇದ್ದು ಯಾವುದಕ್ಕೆ ಹೋಗೋದು ಅಂತ ಜಗಳ ಆಗುವುದೂ ಉಂಟು.

ಮಳೆಗಾಲ ಬರಿದೇ ಅಂತಲೂ ಅಲ್ಲ. ಅದು ಒಳಗೆ ಕೂತು ಕೇಳುವ ಕಾಲ. ವೇಷ ಇಲ್ಲ, ಕುಣಿತ ಇಲ್ಲ, ಬರೀ ಹಾಡು ಮತ್ತು ಮಾತಿನ ತಾಳಮದ್ದಳೆ ದೇವಸ್ಥಾನದ ಸಭಾಭವನದಲ್ಲೋ ಯಾರದೋ ಮನೆಯ ಜಗುಲಿಯಲ್ಲೋ ನಡೆಯುತ್ತಿರುತ್ತದೆ. ಗುರುಪೂರ್ಣಿಮೆ ಬಂತೆಂದರೆ ಹಿಂದೂಸ್ತಾನಿ ಸಂಗೀತದ ಬೈಠಕ್‌ಗಳು. ಘಟ್ಟದ ಮೇಲಿನ ಈ ಊರುಗಳಲ್ಲಿ ತಂಬೂರಿ, ಹಾರ್ಮೋನಿಯಂ, ತಬಲಾ ಕಲಿಯುವ ಮಕ್ಕಳು ಎಷ್ಟಿದ್ದಾರೆ ಅಂತ ನೋಡಿದರೆ ನಿಮಗೆ ಆಶ್ಚರ್ಯ ಆದೀತು. ಚೌತಿ ಹತ್ತಿರ ಬಂದಾಗ ಹಳ್ಳಿಯ ಮನೆಗಳಲ್ಲಿ ಚಕ್ಕುಲಿ ಕಂಬಳ. ಅಕ್ಕಪಕ್ಕದವರು ಸೇರಿ ಕೈಯಲ್ಲೇ ಚಕ್ಕುಲಿ ಸುತ್ತುತ್ತಾರೆ, ಚಕ್ಕುಲಿ ಒತ್ತುವ ಒರಳು ಮುಟ್ಟುವುದಿಲ್ಲ. ಇದೆಲ್ಲ ನಿಮ್ಮ ಮನೆಯಿಂದ ಕೂಗಳತೆಯಲ್ಲೇ ನಡೆದಿರುತ್ತದೆ. ಸುದ್ದಿ ನಿಮಗೆ ಬಂದಿಲ್ಲ, ಅಷ್ಟೇ.

ಸುದ್ದಿ ಹೇಗೆ ಬರುತ್ತದೆ? ಟಿಕೆಟ್ ಬುಕ್ ಮಾಡುವ ಆ್ಯಪ್‌ನಲ್ಲಿ ಹುಡುಕಿದರೆ ಶಿರಸಿ ಖಾಲಿ ಊರು. ಇಲ್ಲಿ ಕರಪತ್ರ ಔಷಧಿ ಅಂಗಡಿಯ ಕೌಂಟರ್ ಮೇಲೆ ಇರುತ್ತದೆ. ಕಿರಾಣಿ ಅಂಗಡಿಯ ಕಂಬಕ್ಕೆ ಅಂಟಿರುತ್ತದೆ. ಮೈಕ್ ಕಟ್ಟಿದ ರಿಕ್ಷಾ ಕೂಗಿಕೊಂಡು ಹೋಗುತ್ತದೆ. ಪತ್ರಿಕೆಯ ಜಿಲ್ಲಾ ಪುಟದ ಮೂಲೆಯಲ್ಲಿ 'ಇಂದಿನ ಕಾರ್ಯಕ್ರಮ' ಅಂತ ಸಣ್ಣ ಅಕ್ಷರದಲ್ಲಿ ಬರುತ್ತದೆ. ಉಳಿದದ್ದು ವಾಟ್ಸಾಪ್ ಗುಂಪುಗಳಲ್ಲಿ.

ಕೇಳುವ ರೀತಿಯಲ್ಲೂ ಒಂದು ಗುಟ್ಟಿದೆ. 'ಇಲ್ಲಿ ನೋಡೋಕೆ ಏನಿದೆ?' ಅಂತ ಕೇಳಿದರೆ ಎಲ್ಲರೂ ಸಹಸ್ರಲಿಂಗ, ಯಾಣ, ಬನವಾಸಿ ಅಂತ ಪಟ್ಟಿ ಕೊಡುತ್ತಾರೆ. ನೀವು ಪ್ರವಾಸಿ ಅಂದುಕೊಂಡರು, ಮುಗಿಯಿತು. 'ಈ ವಾರ ಆಟ ಎಲ್ಲಾದ್ರೂ ಇದೆಯಾ? ಭಾಗವತರು ಯಾರು?' ಅಂತ ಕೇಳಿ ನೋಡಿ. ಭಾಗವತರು ಅಂದರೆ ಆಟದಲ್ಲಿ ಪದ್ಯ ಹಾಡುವವರು. ಚಾದಂಗಡಿಯಲ್ಲಿ ಪಕ್ಕದ ಮೇಜಿನವರೂ ಉತ್ತರ ಕೊಡಲು ತಿರುಗುತ್ತಾರೆ. ಯಾವ ಭಾಗವತರು ಮೇಲು ಅನ್ನುವ ಚರ್ಚೆ ಅಲ್ಲೇ ಶುರುವಾದರೆ ನನ್ನನ್ನು ಬೈಯಬೇಡಿ.

ಇನ್ನು ಕರೆಯದೆ ಹೋಗುವ ವಿಷಯ. ನಿಮ್ಮ ಪತ್ರದ ನಿಜವಾದ ಸಂಕಟ ಇದೇ ಅಂತ ನನಗೆ ಅನಿಸಿತು.

ಬಯಲಲ್ಲಿ ಆಡುವ ಆಟಕ್ಕೆ ಕರೆಯ ಅಗತ್ಯವೇ ಇಲ್ಲ. ಯಾರೋ ಒಬ್ಬರು ಹರಕೆ ಹೊತ್ತು ಸ್ವಂತ ದುಡ್ಡಿನಲ್ಲಿ ಆಡಿಸಿದರೂ ಅದು ಊರಿಗೆಲ್ಲ ತೆರೆದ ಆಟವೇ. ನೋಡುವವರು ಹೆಚ್ಚಿದಷ್ಟೂ ಆಡಿಸಿದವರಿಗೆ ಸಂತೋಷ. ಮುಂದಿನ ಸಾಲಿನ ಕುರ್ಚಿ ಮಾತ್ರ ದಾನಿಗಳಿಗೆ, ಹಿರಿಯರಿಗೆ ಇಟ್ಟಿರುತ್ತಾರೆ. ಎರಡು ಮೂರು ಸಾಲು ಬಿಟ್ಟು ಬದಿಯಲ್ಲಿ ಕುಳಿತರೆ ಮಗು ಎದ್ದರೆ ಹೊರಡಲೂ ಅನುಕೂಲ. ಮಧ್ಯೆ ಎದ್ದು ಹೋಗುವುದನ್ನು ಇಲ್ಲಿ ಯಾರೂ ಅವಮಾನ ಅಂತ ತಿಳಿಯುವುದಿಲ್ಲ. ಚಾ ಕುಡಿಯೋಕೆ ಹೋಗುತ್ತಾರೆ, ಕವಳ (ಎಲೆ ಅಡಿಕೆ) ಹಾಕೋಕೆ ಹೋಗುತ್ತಾರೆ, ಒಂದು ನಿದ್ದೆ ಮುಗಿಸಿ ಯುದ್ಧದ ಹೊತ್ತಿಗೆ ಮತ್ತೆ ಬರುತ್ತಾರೆ. ಅವತ್ತು ಜನ ನಿಮ್ಮನ್ನು ನೋಡಿದ್ದು ನಿಜವೇ ಇರಬಹುದು. ಹೊಸ ಮುಖ ಯಾರು ಅಂತ ನೋಡಿರುತ್ತಾರೆ. ನೀವು ಎದ್ದು ಹೋದದ್ದಕ್ಕೆ ಅಲ್ಲ.

ದೇವಸ್ಥಾನದ ತೇರು, ಸಾರ್ವಜನಿಕ ಗಣಪತಿ, ಶಾಲೆಯ ಕಾರ್ಯಕ್ರಮ, ಪುಸ್ತಕ ಬಿಡುಗಡೆ, ಬೈಠಕ್ ಇವೂ ಹಾಗೆಯೇ. ಕರಪತ್ರದಲ್ಲಿ 'ಸರ್ವರಿಗೂ ಆದರದ ಸ್ವಾಗತ' ಅಂತ ಇದ್ದರೆ ಅದನ್ನು ಅಕ್ಷರಶಃ ತೆಗೆದುಕೊಳ್ಳಿ. ಆದರೆ ಮನೆಯ ಪೂಜೆ, ಉಪನಯನ, ಒಂದು ಸಮಾಜದವರು ತಮ್ಮವರಿಗಾಗಿ ಮಾಡುವ ಸಭೆ, ಇವಕ್ಕೆ ಕರೆ ಬಂದರೆ ಮಾತ್ರ ಹೋಗಬೇಕು. ಇನ್ನೊಂದು ಮಾತು ಮುಚ್ಚಿಡುವುದು ಸರಿಯಲ್ಲ. ಸಣ್ಣ ಊರಿನಲ್ಲಿ ಜಾತಿಯ ಗೆರೆ ಅಳಿಸಿಹೋಗಿಲ್ಲ. ಕೆಲವು ಕಡೆ ಕಾರ್ಯಕ್ರಮ ಎಲ್ಲರದು, ಊಟದ ಪಂಕ್ತಿ ಎಲ್ಲರದಲ್ಲ. ಇದನ್ನು ಸರಿ ಅಂತ ನಾನು ಹೇಳಲಾರೆ. ಅಂಥ ಕಡೆ ಏನು ಮಾಡಬೇಕು ಅನ್ನುವುದು ನಿಮಗೆ ಬಿಟ್ಟದ್ದು. ಊಟಕ್ಕೆ ನಿಲ್ಲದೆ ಬಂದವರೂ ಇದ್ದಾರೆ, ಆ ಜಾಗಕ್ಕೆ ಮತ್ತೆ ಕಾಲಿಡದವರೂ ಇದ್ದಾರೆ. ಎಲ್ಲರೂ ಒಟ್ಟಿಗೆ ಕೂತು ಉಣ್ಣುವ ಜಾಗಗಳೂ ಊರಲ್ಲಿ ಬೇಕಾದಷ್ಟಿವೆ. ಒಂದು ಕಡೆ ಮುಜುಗರ ಆಯಿತೆಂದು ಇಡೀ ಊರನ್ನು ಬಿಡಬೇಡಿ.

ಕರೆಯುವುದಿಲ್ಲ ಅನ್ನುವುದಕ್ಕೆ ಇನ್ನೊಂದು ಸರಳ ಕಾರಣವೂ ಇದೆ. ವರ್ಗವಾಗಿ ಬರುವವರನ್ನು ಈ ಊರು ಬಹಳ ಕಂಡಿದೆ. ಬಂದರು, ಮೂರು ವರ್ಷ ಇದ್ದರು, ಹೋದರು. ನಿಮ್ಮ ಯಜಮಾನರ 'ಹೇಗೋ ಕಳೆಯೋಣ' ಅನ್ನುವ ಮಾತು ಊರವರಿಗೂ ಕೇಳಿಸುತ್ತದೆ, ಬಾಯಿಬಿಟ್ಟು ಹೇಳದಿದ್ದರೂ. ಅವರೂ ಅಷ್ಟಕ್ಕೇ ನಿಲ್ಲುತ್ತಾರೆ. ಒಂದೇ ಜಾಗಕ್ಕೆ ಮತ್ತೆ ಮತ್ತೆ ಹೋಗಿ. ಹತ್ತು ಕಡೆ ಒಂದೊಂದು ಸಲ ಮುಖ ತೋರಿಸುವುದಕ್ಕಿಂತ ಒಂದೇ ಸಂಘದ ತಾಳಮದ್ದಳೆಗೆ ನಾಲ್ಕು ಸಲ ಹೋದರೆ ಐದನೆಯದಕ್ಕೆ ಅವರೇ ಫೋನ್ ಮಾಡುತ್ತಾರೆ.

ಈಗ ಯಕ್ಷಗಾನದ ಅರ್ಥ. ಕನ್ನಡ ಬಂದರೆ ಯಕ್ಷಗಾನ ತಾನಾಗಿಯೇ ತಿಳಿಯಬೇಕು ಅನ್ನುವುದು ತಪ್ಪು ತಿಳುವಳಿಕೆ. ನಿಯಮ ಗೊತ್ತಿಲ್ಲದೆ ಟೆಸ್ಟ್ ಮ್ಯಾಚ್ ನೋಡಿದ ಹಾಗೆ ಆಗುತ್ತದೆ, ಏನೋ ನಡೆಯುತ್ತಿದೆ ಆದರೆ ಯಾಕೆ ಚಪ್ಪಾಳೆ ಬಿತ್ತು ಅಂತ ತಿಳಿಯುವುದಿಲ್ಲ. ನಿಯಮ ಬಹಳ ಇಲ್ಲ. ಮೊದಲು ಭಾಗವತರು ಪದ್ಯ ಹಾಡುತ್ತಾರೆ. ಅದು ಹಳೆಯ ಕವಿ ಬರೆದ ಹಾಡು, ಎಳೆದು ಹಾಡುವಾಗ ಶಬ್ದ ಬಿಡಿಸಿಕೊಳ್ಳುವುದು ಊರವರಿಗೂ ಕಷ್ಟ. ಪದ್ಯಕ್ಕೆ ಪಾತ್ರಧಾರಿ ಕುಣಿಯುತ್ತಾನೆ. ಹಾಡು ನಿಂತ ಮೇಲೆ ಅದೇ ವಿಷಯವನ್ನು ತನ್ನ ಮಾತಿನಲ್ಲಿ ಹೇಳುತ್ತಾನೆ. ಇದಕ್ಕೆ ಅರ್ಥ ಹೇಳುವುದು ಅನ್ನುತ್ತಾರೆ. ಈ ಮಾತು ಬರೆದಿಟ್ಟದ್ದಲ್ಲ, ಆ ರಾತ್ರಿ ಅಲ್ಲೇ ಹುಟ್ಟಿದ್ದು. ಅದಕ್ಕೇ ಒಂದೇ ಕಥೆಯನ್ನು ಜನ ನೂರು ಸಲ ನೋಡುತ್ತಾರೆ. ಕಥೆ ಏನಾಗುತ್ತದೆ ಅಂತ ತಿಳಿಯುವುದಕ್ಕೆ ಯಾರೂ ಹೋಗುವುದಿಲ್ಲ, ಇವತ್ತು ಕರ್ಣ ಏನು ಹೇಳುತ್ತಾನೆ ಅಂತ ಕೇಳೋಕೆ ಹೋಗುತ್ತಾರೆ. ನಿಮಗೆ ಪದ್ಯ ತಿಳಿಯದಿದ್ದರೆ ಬಿಡಿ. ಮಾತು ಬಂದಾಗ ಕಿವಿ ಕೊಡಿ, ಹಾಡು ಬಂದಾಗ ಕಾಲು ನೋಡಿ.

ಹೋಗುವ ಮೊದಲು ಮನೆಯಲ್ಲಿ ಮಾಡಬೇಕಾದ್ದು ಒಂದೇ ಕೆಲಸ. ಕರಪತ್ರದಲ್ಲಿ ಪ್ರಸಂಗದ ಹೆಸರಿರುತ್ತದೆ. ಆ ಕಥೆಯನ್ನು ಮಗನಿಗೆ ಊಟದ ಹೊತ್ತಲ್ಲಿ ಹೇಳಿ. ನಿಮಗೂ ನೆನಪಾಗುತ್ತದೆ, ಅವನಿಗೂ 'ಈಗ ಭೀಮ ಬರ್ತಾನೆ' ಅಂತ ಕಾಯುವ ಕುತೂಹಲ ಹುಟ್ಟುತ್ತದೆ. ಮೊದಲ ಸಲಕ್ಕೆ ವಾದದ ಕಥೆ ಬೇಡ. ಕೃಷ್ಣ ಸಂಧಾನದಂಥ ಪ್ರಸಂಗದಲ್ಲಿ ಮಾತೇ ಎಲ್ಲ, ಮಕ್ಕಳು ಸೋತುಹೋಗುತ್ತಾರೆ. ಕೀಚಕನ ಕಥೆ, ಭಸ್ಮಾಸುರನ ಕಥೆ, ಲವಕುಶರ ಕಥೆ ಒಳ್ಳೆಯದು. ಹೊನ್ನಾವರ ಸೀಮೆಯ ಚಿಟ್ಟಾಣಿ ರಾಮಚಂದ್ರ ಹೆಗಡೆಯವರ ಕೀಚಕ, ಭಸ್ಮಾಸುರ ಮನೆಮಾತಾಗಿದ್ದ ವೇಷಗಳು. 2012ರಲ್ಲಿ ಅವರಿಗೆ ಪದ್ಮಶ್ರೀ ಬಂತು, 2017ರಲ್ಲಿ ತೀರಿಕೊಂಡರು. ಅವರ ಹಳೆಯ ವಿಡಿಯೊಗಳು ಯೂಟ್ಯೂಬಿನಲ್ಲಿ ಸಿಗುತ್ತವೆ. ಅರ್ಧ ಗಂಟೆ ನೋಡಿಕೊಂಡು ಹೋದರೆ ಎದುರಿಗೆ ಕುಣಿಯುವವರ ಹೆಜ್ಜೆ ಸ್ವಲ್ಪ ಗುರುತು ಸಿಗುತ್ತದೆ. ಘಟ್ಟ ಇಳಿದು ಹೋಗುವ ಮನಸ್ಸಿದ್ದರೆ ಹೊನ್ನಾವರ ತಾಲ್ಲೂಕಿನ ಗುಣವಂತೆಯಲ್ಲಿ ಇಡಗುಂಜಿ ಮೇಳದ ಕೇಂದ್ರ ಇದೆ. ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಕಟ್ಟಿದ ಮೇಳ ಅದು, ಇವತ್ತಿಗೂ ಅದೇ ಮನೆತನ ನಡೆಸುತ್ತಿದೆ. ಅಲ್ಲಿ ವರ್ಷಕ್ಕೊಮ್ಮೆ ನಾಟ್ಯೋತ್ಸವ ಮಾಡುತ್ತಾರೆ. ಹೊಸಬರಿಗೆ ಅದು ಹೇಳಿ ಮಾಡಿಸಿದ ಜಾಗ. ಯಕ್ಷಗಾನದ ಜೊತೆ ಬೇರೆ ಕಡೆಯ ನೃತ್ಯ, ನಾಟಕವೂ ಇರುತ್ತದೆ, ಬೆಳಗಿನವರೆಗೆ ಕೂರಬೇಕಾಗಿಲ್ಲ.

ಇಡೀ ರಾತ್ರಿ ಎಚ್ಚರ ಇರಬೇಕು ಅನ್ನುವುದೂ ಈಗ ಹಳೆಯ ಮಾತು. ಸಂಜೆ ಶುರುವಾಗಿ ನಡುರಾತ್ರಿಯೊಳಗೆ ಮುಗಿಯುವ ಕಾಲಮಿತಿಯ ಆಟಗಳೇ ಈಗ ಜಾಸ್ತಿ. ಹಳಬರಿಗೆ ಇದು ಹಿಡಿಸುವುದಿಲ್ಲ. ನನಗೂ ಪೂರ್ತಿ ಹಿಡಿಸುವುದಿಲ್ಲ, ಪದ್ಯ ಕತ್ತರಿಸುತ್ತಾರೆ. ಆದರೆ ಶಾಲೆಗೆ ಹೋಗುವ ಮಕ್ಕಳಿರುವ ಮನೆಯವರಿಗೆ ಅದರಿಂದ ಅನುಕೂಲ ಆಗಿದೆ ಅನ್ನುವುದನ್ನು ಒಪ್ಪಲೇಬೇಕು. ಆಟ ಶುರುವಾಗುವ ಮುಂಚೆ ಹೋದರೆ ಚೌಕಿಯಲ್ಲಿ ಬಣ್ಣ ಹಚ್ಚುವುದನ್ನು ನೋಡಬಹುದು. ಮಗನಿಗೆ ಆಟಕ್ಕಿಂತ ಅದೇ ಜಾಸ್ತಿ ಇಷ್ಟ ಆಗಬಹುದು. ಒಳಗೆ ಹೋಗುವಾಗ ಒಂದು ಮಾತು ಕೇಳಿ, ಚಪ್ಪಲಿ ಹೊರಗೆ ಬಿಡಿ, ಕಿರೀಟ ಮುಟ್ಟಬೇಡಿ. ಅರ್ಧ ವೇಷದಲ್ಲಿ ಇರುವವರ ಫೋಟೊ ತೆಗೆಯುವುದು ಬೇಡವೇ ಬೇಡ.

ಜಾತ್ರೆಯ ವಿಷಯದಲ್ಲಿ ನಿಮ್ಮ ಅತ್ತೆಯವರು ಕೇಳಿದ್ದು ಬಹಳ ಹಳೆಯ ಸುದ್ದಿ. ಮಾರಿಕಾಂಬೆಗೆ ಕೋಣ ಬಲಿ ಕೊಡುತ್ತಿದ್ದದ್ದು ನಿಜ. 1934ರಲ್ಲಿ ಗಾಂಧೀಜಿ ಶಿರಸಿಗೆ ಬಂದರು, ಆ ಕಾಲದಲ್ಲೇ ಅದು ನಿಂತಿತು. ಅತ್ತೆಯವರಿಗೆ ಅಷ್ಟು ಹೇಳಿ. ಮಗುವಿನ ವಿಷಯದಲ್ಲಿ ಚಿಂತೆ ಮಾಡಬೇಕಾದ್ದು ಜನಜಂಗುಳಿ. ಜಾತ್ರೆ ಒಂದು ವಾರಕ್ಕೂ ಮೇಲೆ ನಡೆಯುತ್ತದೆ. ದೇವಿ ತೇರಿನಲ್ಲಿ ಬಂದು ಬಿಡ್ಕಿಬೈಲಿನ ಗದ್ದುಗೆಯಲ್ಲಿ ಕೂರುತ್ತಾಳೆ, ಊರಿಗೆ ಊರೇ ಅಲ್ಲಿರುತ್ತದೆ. ತೇರಿನ ದಿನ ಮಗುವನ್ನು ಒಯ್ಯಬೇಡಿ. ನಡುವಿನ ದಿನಗಳಲ್ಲಿ ಬೆಳಗ್ಗೆ ಬೇಗ ಹೋಗಿ ಬನ್ನಿ. ತೊಟ್ಟಿಲು, ಸರ್ಕಸ್, ಬಳೆ ಅಂಗಡಿ, ನಾಟಕ ಕಂಪನಿಗಳು ಸಂಜೆಯ ನಂತರದ್ದು. ಮಗನ ಜೇಬಿನಲ್ಲಿ ನಿಮ್ಮ ಫೋನ್ ನಂಬರ್ ಬರೆದಿಡಿ. ಗಾಡಿ ಮನೆಯಲ್ಲೇ ಬಿಡಿ.

ಜಾತ್ರೆ ಎರಡು ವರ್ಷಕ್ಕೊಮ್ಮೆ. 2022ರಲ್ಲಿ ಆಯಿತು, 2024ರಲ್ಲಿ ಆಯಿತು, ಹೀಗೆ ಸಮ ವರ್ಷಗಳಲ್ಲಿ ಬರುತ್ತದೆ. ಜಾತ್ರೆ ಇಲ್ಲದ ವರ್ಷ ಹೋಳಿಯ ಮುಂಚಿನ ರಾತ್ರಿಗಳಲ್ಲಿ ಬೇಡರ ವೇಷ. ಬೆನ್ನಿಗೆ ನವಿಲುಗರಿ ಕಟ್ಟಿ, ಕತ್ತಿ ಗುರಾಣಿ ಹಿಡಿದು, ದಪ್ಪ ಮೀಸೆಯ ಬೇಡ ಹಲಗೆಯ ಬಡಿತಕ್ಕೆ ಬೀದಿಯಲ್ಲಿ ಕುಣಿಯುತ್ತ ಬರುತ್ತಾನೆ. ಆವೇಶ ಹೆಚ್ಚಾಗದಂತೆ ಹಿಂದಿನಿಂದ ಇಬ್ಬರು ಹಗ್ಗ ಹಿಡಿದಿರುತ್ತಾರೆ. ಒಂದೊಂದು ಕೇರಿಯವರದು ಒಂದೊಂದು ವೇಷ, ಅಭ್ಯಾಸ ವಾರಗಟ್ಟಲೆ ಮೊದಲೇ ಶುರುವಾಗಿರುತ್ತದೆ. ನಿಮ್ಮ ಮೂರು ವರ್ಷದ ಲೆಕ್ಕದಲ್ಲಿ ಜಾತ್ರೆಯೂ ಬೇಡರ ವೇಷವೂ ಒಂದೊಂದಾದರೂ ಸಿಕ್ಕೇ ಸಿಗುತ್ತವೆ. ಹೋಳಿ ರಾತ್ರಿ ಗಲಾಟೆ ಜಾಸ್ತಿ, ಕುಡಿದವರೂ ಇರುತ್ತಾರೆ. ಎಂಟು ವರ್ಷದ ಹುಡುಗ ಹೆದರಲೂಬಹುದು. ಗುರುತಿನವರ ಅಂಗಡಿ ಕಟ್ಟೆಯೋ ಮನೆಯ ಮಹಡಿಯೋ ಸಿಕ್ಕರೆ ಅಲ್ಲಿಂದ ನೋಡಿ.

ಅಂಗಡಿಗಳ ಬಗ್ಗೆ. 'ಯಾವ ಊರಾಯ್ತು?' ಅನ್ನುವುದಕ್ಕೆ ಹಿನ್ನೆಲೆ ಇದೆ. ಇಲ್ಲಿನ ವ್ಯಾಪಾರ ಬಹುಕಾಲ ಖಾತೆಯ ಮೇಲೆ ನಡೆಯಿತು. ಅಡಿಕೆ ಮಾರಿದ ಮೇಲೆ ಲೆಕ್ಕ ಚುಕ್ತಾ. ಎದುರಿಗಿರುವವರು ಯಾವ ಊರು, ಯಾರ ಮನೆಯವರು ಅಂತ ತಿಳಿಯದೆ ಉದ್ರಿ ಕೊಡೋದು ಹೇಗೆ? ಆ ಅಭ್ಯಾಸ ಉಳಿದುಕೊಂಡಿದೆ. ಕೆಲವರು ಜಾತಿ ತಿಳಿಯುವುದಕ್ಕೂ ಹಾಗೆ ಕೇಳುತ್ತಾರೆ, ಇಲ್ಲ ಅನ್ನುವುದಿಲ್ಲ. 'ದಾವಣಗೆರೆ, ಈಗ ಇಂಥ ಓಣಿಯಲ್ಲಿದ್ದೇವೆ, ಇವರು ಬ್ಯಾಂಕಿನಲ್ಲಿ' ಅಂದರೆ ಸಾಕು. ಮುಂದಿನ ಸಲ ಆ ಪ್ರಶ್ನೆ ಬರುವುದಿಲ್ಲ. ಬೆಂಗಳೂರಿನ ಹಾಗೆ ಹಿಂದೆಯೇ ಬಂದು 'ಏನು ಬೇಕು ಮೇಡಂ' ಅಂತ ಹತ್ತು ಸೀರೆ ಹರಡುವುದು ಇಲ್ಲಿನ ರೂಢಿ ಅಲ್ಲ. ಗಿರಾಕಿಗೆ ಬೇಕಾದ್ದು ಗಿರಾಕಿಗೇ ಗೊತ್ತು ಅನ್ನುವ ಧೋರಣೆ. ಬೇಕಾದ್ದನ್ನು ಹೆಸರು ಹಿಡಿದು ಕೇಳಿ. ಮಧ್ಯಾಹ್ನ ಊಟದ ಹೊತ್ತಿಗೆ ಕೆಲವರು ಬಾಗಿಲು ಎಳೆಯುತ್ತಾರೆ, ಆಗ ತಟ್ಟಬೇಡಿ. ನೀವು ಮಾತ್ರ ಖಾತೆ ಶುರು ಮಾಡಬೇಡಿ. ವರ್ಗವಾಗಿ ಹೋಗುವವರ ಉದ್ರಿ ಎರಡೂ ಕಡೆ ಮನಸ್ಸು ಕೆಡಿಸುತ್ತದೆ.

ಕೊಳ್ಳುವಾಗ ಋತು ನೋಡಿ ಕೊಳ್ಳಿ. ಆಲೆಮನೆ ನಡೆಯುವ ಕಾಲಕ್ಕೆ ಜೋನಿಬೆಲ್ಲ, ಬೇಸಿಗೆಯಲ್ಲಿ ಅಪ್ಪೆಮಿಡಿ, ಹಲಸಿನ ಹಪ್ಪಳ, ಮುರುಗಲು. ಮಡಕೆಯ ಬೆನ್ನಿನ ಮೇಲೆ ತೆಳ್ಳಗೆ ಹರಡಿ ಮಾಡುವ ತೊಡದೇವು ಅನ್ನುವ ಸಿಹಿ ವರ್ಷವಿಡೀ ಸಿಗುತ್ತದೆ, ಮಾಡುವುದನ್ನು ಒಮ್ಮೆ ನಿಂತು ನೋಡಿ. ಟಿಎಸ್‌ಎಸ್ ಸೂಪರ್ ಮಾರ್ಕೆಟ್‌ಗೆ ನೀವು ಹೋಗಿಯೇ ಇರುತ್ತೀರಿ. ಅದು 1923ರಲ್ಲಿ ತೋಟಗಾರರು ಅಡಿಕೆ ಮಾರಾಟಕ್ಕೆ ಕಟ್ಟಿಕೊಂಡ ಸಹಕಾರಿ ಸಂಘದ್ದು. ಮನೆಯಲ್ಲಿ ಮಾಡಿ ಮಾರುವವರ ಉಪ್ಪಿನಕಾಯಿ, ಜೇನುತುಪ್ಪ ಎಲ್ಲ ಚೊಕ್ಕಟ ಅಂತ ಕಣ್ಣುಮುಚ್ಚಿ ನಂಬಬೇಡಿ. 'ಮಲೆನಾಡಿನದು' ಅಂತ ಚೀಟಿ ಅಂಟಿಸಿದ ಮಾತ್ರಕ್ಕೆ ಜೇನು ಜೇನಾಗುವುದಿಲ್ಲ. ಸಹಕಾರಿ ಅಂಗಡಿಯಲ್ಲೋ, ಪರಿಚಯದವರು ತೋರಿಸಿದ ಮನೆಯಲ್ಲೋ ಕೊಳ್ಳಿ. ಶ್ರೀಗಂಧದ ಕೆತ್ತನೆಗೂ ಇದೇ ಮಾತು. ಕೆತ್ತನೆಯೇ ಕುಲಕಸುಬಾದ ಗುಡಿಗಾರರ ಕುಸುರಿ ಈ ಸೀಮೆಯ ಹೆಮ್ಮೆ, ಆದರೆ ಗಂಧದ ಎಣ್ಣೆ ಸವರಿದ ಬೇರೆ ಮರವನ್ನು ಗಂಧ ಅಂತ ಮಾರುವವರಿದ್ದಾರೆ. ರಸೀದಿ ಕೊಡದವರ ಹತ್ತಿರ ಗಂಧ ಕೊಳ್ಳಬೇಡಿ. ಅಷ್ಟು ದುಡ್ಡು ಹಾಕುವ ಮನಸ್ಸಿಲ್ಲದಿದ್ದರೆ ಅದೇ ಗುಡಿಗಾರರು ಶಿವನಿ ಮರದಲ್ಲಿ ಕೆತ್ತಿದ್ದು, ಬೆಂಡಿನಲ್ಲಿ ಮಾಡಿದ ಬಾಸಿಂಗ ಕೇಳಿ. ಕೈಚಳಕ ಅದೇ. ಮಾರಿಕಾಂಬಾ ಗುಡಿಗೆ ಹೋದಾಗ ಗೋಡೆಯ ಕಾವಿ ಚಿತ್ರಗಳನ್ನೂ ನೋಡಿ. ಸುಣ್ಣದ ಗಾರೆಯ ಮೇಲೆ ಕೆಮ್ಮಣ್ಣು ಬಳಿದು, ಹಸಿ ಇರುವಾಗಲೇ ಕೆರೆದು ಕೆಳಗಿನ ಬಿಳುಪು ತೋರಿಸುವ ಕಲೆ ಅದು. ಜನ ದೇವಿಗೆ ಕೈಮುಗಿದು ಹಾಗೇ ತಿರುಗಿ ಹೋಗುತ್ತಾರೆ, ಗೋಡೆ ನೋಡುವವರು ಕಡಿಮೆ.

ಕರಾವಳಿಯ ಮಾತು ಚುಟುಕಾಗಿ ಹೇಳುತ್ತೇನೆ, ಅದೇ ಒಂದು ದೊಡ್ಡ ಕಥೆ. ಹೋಳಿ ಹೊತ್ತಿಗೆ ಅಂಕೋಲೆ ಕಡೆ ಹಾಲಕ್ಕಿ ಸಮುದಾಯದವರ ಸುಗ್ಗಿ ಕುಣಿತ, ವೈಶಾಖದಲ್ಲಿ ಅಂಕೋಲೆಯ ಬಂಡಿಹಬ್ಬ, ಕಾರವಾರದ ಭಾನುವಾರದ ಸಂತೆ. ಇಷ್ಟನ್ನು ನೋಡಿದರೂ ಒಂದು ವರ್ಷದ ಹಲವು ರಜೆ ಮುಗಿಯುತ್ತವೆ. ಪುಷ್ಯದ ಹುಣ್ಣಿಮೆಗೆ ಕಾರವಾರದ ಎದುರಿನ ಕೂರ್ಮಗಡ ದ್ವೀಪದಲ್ಲಿ ನರಸಿಂಹ ಜಾತ್ರೆ, ದೋಣಿಯಲ್ಲೇ ಹೋಗಬೇಕು. ಚೆಂದದ ಜಾತ್ರೆ, ಆದರೆ ಎಚ್ಚರ. 2019ರ ಜನವರಿಯಲ್ಲಿ ಅಲ್ಲಿಂದ ಮರಳುವ ದೋಣಿ ಮಗುಚಿ ಮಕ್ಕಳೂ ಸೇರಿ ಹಲವರು ಸತ್ತರು. ಲೈಫ್ ಜಾಕೆಟ್ ಕೊಡದ, ಜನ ತುಂಬಿದ ದೋಣಿ ಹತ್ತಬೇಡಿ. ಅವತ್ತು ಜಾತ್ರೆ ತಪ್ಪಿದರೆ ತಪ್ಪಲಿ.

ಈಗ ನಿಮ್ಮ ಮುಂದಿರುವ ದಾರಿಗಳು. ಬರೀ ಪ್ರೇಕ್ಷಕರಾಗಿ ಇರಬಹುದು. ಖರ್ಚಿಲ್ಲ, ತಲೆನೋವಿಲ್ಲ. ಆದರೆ ಪರಿಚಯ ನಿಧಾನ, ಬೇಸರ ಬಂದ ವಾರ ಮನೆಯಲ್ಲೇ ಉಳಿದುಬಿಡುತ್ತೀರಿ. ಏನಾದರೂ ಕಲಿಯಲು ಸೇರಬಹುದು. ಹಾಡು, ಮದ್ದಳೆ, ಕಸೂತಿ, ಯಾವುದೂ ಆದೀತು. ವಾರಕ್ಕೊಮ್ಮೆ ಹೋಗಲೇಬೇಕಾಗುತ್ತದೆ, ಅಲ್ಲಿ ಸಿಗುವ ನಾಲ್ಕು ಜನ ನಿಮ್ಮವರಾಗುತ್ತಾರೆ. ನಿಮ್ಮ ಸ್ಥಿತಿಯಲ್ಲಿ ನಾನು ಇದನ್ನೇ ಆರಿಸುವೆ. ಇನ್ನೊಂದು, ಯಾವುದಾದರೂ ಸಂಘದಲ್ಲಿ ಕೈಜೋಡಿಸುವುದು. ಬ್ಯಾಂಕಿನವರು ಸಿಕ್ಕರು ಅಂದರೆ ಸಮಿತಿಯವರು ಬಿಡುವುದಿಲ್ಲ, ನಿಮ್ಮ ಯಜಮಾನರನ್ನು ಒಂದೇ ವರ್ಷದಲ್ಲಿ ಖಜಾಂಚಿ ಮಾಡುತ್ತಾರೆ. ಊರಿಗೆ ಹತ್ತಿರವಾಗಲು ಇದಕ್ಕಿಂತ ಬೇಗದ ದಾರಿ ಇಲ್ಲ. ಇದಕ್ಕಿಂತ ಕಷ್ಟದ ದಾರಿಯೂ ಇಲ್ಲ. ಎರಡು ಬಣ ಇರುತ್ತವೆ, ಹಳೆಯ ಲೆಕ್ಕ ಇರುತ್ತದೆ, ಹೊಸಬರನ್ನು ನಡುವೆ ನಿಲ್ಲಿಸಿ ಮಾತಾಡಿಸುತ್ತಾರೆ. ಮೊದಲ ವರ್ಷ ಬಡಿಸುವ ಕೆಲಸ, ಕುರ್ಚಿ ಜೋಡಿಸುವ ಕೆಲಸ ಒಪ್ಪಿಕೊಳ್ಳಿ. ಹಣದ ಕೆಲಸ, ಸಹಿ ಹಾಕುವ ಕೆಲಸ ಬೇಡ.

ವಂತಿಗೆ ಪುಸ್ತಕ ಹಿಡಿದು ಬರುವವರ ಬಗ್ಗೆ ನೀವು ಕೇಳಿಲ್ಲ, ಆದರೆ ಜನವರಿ ಬಂದ ಮೇಲೆ ಬಂದೇ ಬರುತ್ತಾರೆ. ಎಲ್ಲರಿಗೂ ಕೊಡಬೇಕಾಗಿಲ್ಲ. ನಿಮ್ಮ ಓಣಿಯ ಕಾರ್ಯಕ್ರಮಕ್ಕೆ, ನೀವು ಹೋಗುವ ಕಾರ್ಯಕ್ರಮಕ್ಕೆ ಕೊಡಿ, ರಸೀದಿ ತೆಗೆದುಕೊಳ್ಳಿ. ಉಳಿದವರಿಗೆ 'ಈ ಸಲ ಆಗೋದಿಲ್ಲ' ಅಂತ ನಗುತ್ತ ಹೇಳಿದರೆ ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ. ಪಕ್ಕದ ಮನೆಯವರು ಎಷ್ಟು ಕೊಟ್ಟರು ಅಂತ ಪುಸ್ತಕದಲ್ಲಿ ಇಣುಕಿ ನೋಡುವುದು ಮಾತ್ರ ಎಲ್ಲರೂ ಮಾಡುವ ಕೆಲಸ, ನೀವೂ ನೋಡಿ.

ಹುಬ್ಬಳ್ಳಿಯ ಮಾಲ್ ಬಿಡಬೇಕಾಗಿಲ್ಲ. ಹೋಗಬರುವುದೇ ಸುಮಾರು 200 ಕಿಲೋಮೀಟರ್, ಇಡೀ ಭಾನುವಾರ ಅದಕ್ಕೇ ಹೋಗುತ್ತದೆ, ಅದೊಂದೇ ನನ್ನ ತಕರಾರು. ಡಿಸೆಂಬರ್‌ನಿಂದ ಮೇವರೆಗೆ ತಿಂಗಳಿಗೊಮ್ಮೆ ಮಾಡಿ. ಮಳೆಗಾಲದಲ್ಲಿ ಬೇಕಾದಷ್ಟು ಹೋಗಿ, ಯಾರೂ ಬೇಡ ಅನ್ನುವುದಿಲ್ಲ. ಯಜಮಾನರಿಗೆ ಉಪದೇಶ ಮಾಡಲು ಹೋಗಬೇಡಿ. ಆಟಕ್ಕೆ ಒಮ್ಮೆ ಜೊತೆಗೆ ಕರೆದೊಯ್ಯಿರಿ. ಬ್ಯಾಂಕಿನ ಗಿರಾಕಿಗಳೇ ಅಲ್ಲಿ ನಾಲ್ಕು ಜನ ಸಿಗುತ್ತಾರೆ, ಚಾ ಕೊಡಿಸುತ್ತಾರೆ, ಉಳಿದದ್ದು ಅವರೇ ನೋಡಿಕೊಳ್ಳುತ್ತಾರೆ.

ಮಗನ ತರಗತಿಗೆ ನನ್ನ ಉತ್ತರ, ಹೌದು, ಸೇರಿಸಿ. ಎಂಟು ವರ್ಷ ಸರಿಯಾದ ವಯಸ್ಸು. ಮೊದಲ ತಿಂಗಳುಗಳಲ್ಲಿ ತಾಳ ಮತ್ತು ಹೆಜ್ಜೆ ಬಿಟ್ಟರೆ ಏನೂ ಇರುವುದಿಲ್ಲ, ಕಾಲು ನೋವು ಅಂತ ಅಳುತ್ತಾನೆ. ಆಗ ಬಿಡಿಸಬೇಡಿ, ಒತ್ತಾಯವನ್ನೂ ಮಾಡಬೇಡಿ, ಜೊತೆಯ ಹುಡುಗರೇ ಎಳೆದುಕೊಂಡು ಹೋಗುತ್ತಾರೆ. ಕಲಿಸುವವರು ಕೂಗಾಡುವವರೋ ತಾಳ್ಮೆಯವರೋ ಅಂತ ಒಂದು ದಿನ ಬಾಗಿಲಲ್ಲಿ ಕೂತು ನೋಡಿ. ವರ್ಗವಾದರೆ ನಡುವೆ ನಿಲ್ಲುತ್ತದಲ್ಲ ಅನ್ನುವ ಚಿಂತೆ ಬೇಡ, ಬೆಂಗಳೂರಿನಲ್ಲೂ ಯಕ್ಷಗಾನ ಕಲಿಸುವವರಿದ್ದಾರೆ. ಸೇರಿಸುವ ಮುಂಚೆ ಒಂದು ವಿಷಯ ಮಾತ್ರ ಖಚಿತ ಮಾಡಿಕೊಳ್ಳಿ. ವಾರ್ಷಿಕ ಪ್ರದರ್ಶನಕ್ಕೆ ವೇಷಭೂಷಣದ ಬಾಡಿಗೆ, ಹಿಮ್ಮೇಳದವರ ಸಂಭಾವನೆ ಕೆಲವು ಕಡೆ ಪಾಲಕರ ಮೇಲೆ ಬೀಳುತ್ತದೆ. ಎಷ್ಟಾಗಬಹುದು, ಯಾರು ಕೊಡಬೇಕು ಅಂತ ಮೊದಲ ದಿನವೇ ಕೇಳಿ. ಕೇಳಿದ್ದಕ್ಕೆ ಯಾರೂ ತಪ್ಪು ತಿಳಿಯುವುದಿಲ್ಲ.